ಕೆಂಪು ಗಾಡಿಗೆ ಯಾವ ಬಿಲ್ಲೆ?

ಗಾಡಿಯ ಮೇಲೆ ಏನಾದರೂ ಬರೆದಿದ್ದರೆ ಜನ ಓದುತ್ತಾರೆ. ಓದಿದವರು ಅರ್ಥ ಕೇಳುತ್ತಾರೆ. ನಾನು ಗೊತ್ತಿಲ್ಲ ಎನ್ನುತ್ತೇನೆ. ಯಾರೂ ನಂಬುವುದಿಲ್ಲ. ಆ ಕೆಂಪು ಗಾಡಿಯ ಸ್ಟೇರಿಂಗ್ ಹಿಡಿದಂದಿನಿಂದ ಇದು ನಡೆದೇ ಇದೆ.

ನಾನು ಬಸ್ ಡ್ರೈವರ್ ಆಗಿದ್ದವನು. ಬೈಲಹೊಂಗಲ, ಸವದತ್ತಿ, ರಾಮದುರ್ಗ. ಹೋಗುವುದು, ಬರುವುದು. ಬಸ್ಸಿಗೆ ಬೋರ್ಡು ಒಂದೇ, ಅದರಲ್ಲಿ ಊರ ಹೆಸರು. ಓದಿದವನು ಹತ್ತುತ್ತಾನೆ, ಇಲ್ಲ ಬಿಡುತ್ತಾನೆ. ನನ್ನ ಎದೆಯ ಮೇಲೂ ಒಂದು ಹಿತ್ತಾಳೆ ಬಿಲ್ಲೆ ಇತ್ತು, ಅದರಲ್ಲೊಂದು ನಂಬರು. ಅದರ ಅರ್ಥವನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಸುಖವಾಗಿದ್ದೆ.

ನಿವೃತ್ತನಾದ ಮೇಲೆ ನಮ್ಮ ಓಣಿಯ ಹತ್ತಿ ಸಾಹುಕಾರರು ಕರೆದರು. "ಮನ್ಯಾಗ ಕುಂತು ಏನ ಮಾಡ್ತೀರಿ? ಒಂದು ಗಾಡಿ ತರಾಕತ್ತೇನಿ. ನೀವ ಹೊಡೀರಿ."

ಹೂಂ ಅಂದೆ. ಎಂಥ ಗಾಡಿ ಎಂದು ಕೇಳಬೇಕಿತ್ತು.

ಅಪ್ಪನ ಗಾಡಿ

ಸಾಹುಕಾರರ ತಾಯಿಯನ್ನು ನಾವೆಲ್ಲ ಅವ್ವಾರು ಅನ್ನುತ್ತೇವೆ. ಎಂಬತ್ತು ದಾಟಿದ ಜೀವ. ತವರು ರಾಮದುರ್ಗ. ಅಲ್ಲಿ ಅವರ ತಮ್ಮ ಇದ್ದಾರೆ. ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಗಳು ತವರಿಗೆ ಹೋಗಬೇಕು. ಆದರೆ ತಾನಾಗಿ ಹೋಗುವಂತಿಲ್ಲ, ಅಣ್ಣನೋ ತಮ್ಮನೋ ಬಂದು ಕರೆಯಬೇಕು. ತಮ್ಮನಿಗೆ ಮೊಣಕಾಲು ನೋವು ಹಿಡಿಯಿತು. ಒಂದು ವರ್ಷ ಬರಲಿಲ್ಲ. ಫೋನಿನಲ್ಲಿ ಕರೆದರು.

"ಫೋನಿನ್ಯಾಗ ಕರಿಯಾಕ ನಾನೇನ ಗ್ಯಾಸಿನ ಸಿಲಿಂಡರೇನು?" ಎಂದರು ಅವ್ವಾರು.

ತಮ್ಮನಿಗೂ ಸಿಟ್ಟು ಬಂತು. "ಕಾಲ ಎಳ್ಕೊಂತ ನಾ ಹೋಗಬೇಕೇನು? ಅಕ್ಕನ ಕಾಲು ಗಟ್ಟಿ ಅದಾವ, ಬರಲಿ."

ಮಾತು ನಿಂತಿತು. ಮೂರು ಪಂಚಮಿ ಹಾಗೇ ಹೋದವು. ಅವ್ವಾರು ಹಬ್ಬಕ್ಕೆ ಎಲ್ಲರಿಗೂ ಉಂಡಿ ಕಟ್ಟುತ್ತಿದ್ದರು. ತಾವು ಒಂದನ್ನೂ ಮುಟ್ಟುತ್ತಿರಲಿಲ್ಲ.

ಮಗ ಕಾಡಿ ಬೇಡಿದಾಗ ಒಂದು ದಿನ ಬಾಯಿ ಬಿಟ್ಟರು. "ಕರಿಯಾಕ ಅಂವಾರೆ ಬರಲಿ, ಇಲ್ಲಾ ನಮ್ಮಪ್ಪನ ಗಾಡಿಯರೆ ಬರಲಿ. ಅದರಾಗ ಕುಂತ ನಾ ಈ ಮನಿಗಿ ಬಂದಾಕಿ. ಅದರಾಗ ಕುಂತ ತವರಿಗಿ ಹೋಗತೇನಿ. ಅದು ಬಿಟ್ಟು ಮಾತಿಲ್ಲ."

ಸಾಹುಕಾರರು ಮರುದಿನವೇ ಟ್ರ್ಯಾಕ್ಟರ್ ಕಟ್ಟಿ ರಾಮದುರ್ಗಕ್ಕೆ ಹೊರಟರು. ನಾನೂ ಹೋದೆ. ಅವರ ಸೋದರಮಾವ ಒಳಗಿನ ಕೋಣೆಯಿಂದಲೇ ಕೂಗಿದರು. "ಅಪ್ಪನ ಗಾಡಿ ಅಲ್ಲೇ ಕೊಟಗಿಯಾಗ ಐತಿ. ಒಯ್ಯೋ, ಒಯ್ಯಿ." ಮೊಣಕಾಲು. ಹೊರಗೆ ಬರಲಿಲ್ಲ.

ಕೊಟ್ಟಿಗೆಯಲ್ಲಿ ತಾಡಪತ್ರಿ ಹೊದ್ದ ರಾಶಿ ಎರಡಿದ್ದವು. ಹಿಂದಿನದರ ಮೇಲೆ ಬೆಕ್ಕು ಮರಿ ಹಾಕಿತ್ತು, ಅದನ್ನು ಮುಟ್ಟಲಿಲ್ಲ. ಮುಂದಿನ ತಾಡಪತ್ರಿ ಎಳೆದರೆ ಒಂದು ಗಾಡಿ. ತಗ್ಗು. ಮೂತಿ ಉದ್ದ. ಒಳಗೆ ಇಳಿಯಬೇಕು, ಹತ್ತುವಂತಿಲ್ಲ. ಎಲ್ಲೋ ಪರದೇಶದಲ್ಲಿ ಓಟದ ಪಂದ್ಯಕ್ಕೆ ಮಾಡಿದ ಹಾಗಿತ್ತು. ಬಣ್ಣ ಕೆಂಪೋ ತುಕ್ಕೋ ಗೊತ್ತಾಗಲಿಲ್ಲ.

ಸಾಹುಕಾರರ ಕಣ್ಣಲ್ಲಿ ನೀರು ಬಂತು. "ಇದ. ಸಣ್ಣಾಂವ ಇದ್ದಾಗ ಇಲ್ಲೇ ನೋಡೇನಿ."

ಕಾಗದಪತ್ರ ಎಲ್ಲಿ ಎಂದು ಕೇಳಬೇಡಿ. ಸಾಹುಕಾರರೂ ಕೇಳಲಿಲ್ಲ.

ಬೆಳಗಾವಿಯಲ್ಲಿ ಎಂಜಿನ್ನು, ಪೇಂಟು ಎಲ್ಲ ಆಯಿತು. ಗಾಡಿ ಮೆಣಸಿನಕಾಯಿಯ ಹಾಗೆ ಹೊಳೆಯಿತು. ಆದರೆ ಮೈಮೇಲೆ ಒಂದು ಅಕ್ಷರವಿಲ್ಲ, ಗುರುತಿಲ್ಲ. ಪೇಂಟಿನವನು ಒಂದು ಬಟ್ಟೆ ಚೀಲ ಕೊಟ್ಟ.

"ನಾಕೈದು ಹಳೇ ಗಾಡೀ ಕೆಲಸ ಒಮ್ಮೆಗೇ ಬಂದಿತ್ರಿ. ಬಿಚ್ಚಿದ ಬಿಲ್ಲಿ ಎಲ್ಲಾ ಒಂದ ಡಬ್ಬಿಯೊಳಗ ಕೂಡಿ ಬಿಟ್ಟಾವು. ಉಳಿದಾವ್ರು ತಮ್ಮವು ಆರಿಸಿಕೊಂಡು ಹೋದ್ರು. ನೀವೂ ನೋಡ್ಕೋರಿ."

"ಇದರಾಗ ನಮ್ಮವು ಯಾವು?"

"ಅದು ನಿಮಗ ಗೊತ್ತಿರಬೇಕಲ್ರಿ."

ಗಾಡಿ ಮನೆ ಮುಂದೆ ನಿಂತಿತು. ಅವ್ವಾರು ಹೊಸ್ತಿಲಿಗೆ ಬಂದರು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. "ಇದು ನಮ್ಮಪ್ಪನ ಗಾಡಿ ಅಲ್ಲ" ಎಂದು ಒಳಗೆ ಹೋದರು.

ಸಾಹುಕಾರರು ಹಿಂದೆ ಓಡಿದರು. "ಅವ್ವಾ, ಬಿಲ್ಲಿ ಹಚ್ಚಿಲ್ಲ, ಅದಕ್ಕ ಹಾಂಗ ಕಾಣತೈತಿ. ಅಜ್ಜನ ಗಾಡಿಗಿ ಯಾವ ಬಿಲ್ಲಿ ಇತ್ತು? ಏನರೆ ನೆನಪೈತೇನು?"

"ಹೊಳಿತಿತ್ತು."

"ಏನ ಹೊಳಿತಿತ್ತು?"

"ಏನೋ ಹೊಳಿತಿತ್ತಪಾ. ನಾ ಅಳಾಕತ್ತಿದ್ದೆ."

ಹೊಳೆಯುವಂಥವು ಚೀಲದಲ್ಲಿ ಒಂದು ಸೇರು ಇದ್ದವು.

ಸಿಂಹ

ಪಂಚಮಿಗೆ ಎರಡು ತಿಂಗಳಿತ್ತು. ಒಂದೊಂದೇ ಬಿಲ್ಲೆ ಹಚ್ಚಿ ಅವ್ವಾರಿಗೆ ತೋರಿಸುವುದು ಎಂದು ಸಾಹುಕಾರರು ಠರಾಯಿಸಿದರು. ಅಪ್ಪನ ಬಿಲ್ಲೆ ಕಂಡರೆ ಗುರುತು ಹತ್ತುತ್ತದೆ, ಗುರುತು ಹತ್ತಿದರೆ ಕೂರುತ್ತಾರೆ. ಲೆಕ್ಕ ಸರಿಯಾಗಿಯೇ ಇತ್ತು.

ಮೊದಲು ಸಿಂಹ. ಗುಂಡನೆಯ ಬಿಲ್ಲೆ, ನಡುವೆ ಬಂಗಾರ ಬಣ್ಣದ ಸಿಂಹ ನಿಂತಿದೆ. ಮೂತಿಗೆ ಹಚ್ಚಿದೆವು. ಅವ್ವಾರು ನೋಡಿ "ಅಲ್ಲ" ಎಂದರು. ಬೆಳಕಿನಲ್ಲಿ ಇನ್ನೊಮ್ಮೆ ನೋಡಲಿ ಎಂದು ವಾರವಿಡೀ ಅದನ್ನು ಹಾಗೇ ಬಿಟ್ಟರು.

ಆ ವಾರ ಕಿತ್ತೂರಿಗೆ ಹೋದೆವು. ಸಾಹುಕಾರರು ಯಾರದೋ ಮನೆಗೆ ಮಾತಿಗೆ ಹೋದರು. ನಾನು ಚಹಾದ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಒಳಗೇ ಕುಳಿತಿದ್ದೆ. ಪಟಗ ಸುತ್ತಿದ ಒಬ್ಬ ಮುದುಕ ಬಂದ. ಗಾಡಿಯ ಮುಂದೆ ನಿಂತು ಸಿಂಹ ನೋಡಿದ. ಚಪ್ಪಲಿ ಬಿಟ್ಟ. ಕಿಟಕಿಗೆ ಬಂದು ಕೈ ಮುಗಿದ.

"ನಮಸ್ಕಾರ್ರೀ. ನಮ್ಮ ಹೊಲದ ಬದು ಮೋಜಣಿ ಆಗಬೇಕ್ರಿ. ಭಾಳ ವರ್ಷ ಆತು."

"ನನಗೇನು?" ಅಂದೆ.

"ಸಿಂಹದ ಗಾಡಿ ಅಂದ್ರ ಸರಕಾರದ್ದಲ್ರೀ?"

"ಅಲ್ಲ."

"ಮತ್ತ ಸಿಂಹ ಯಾಕೈತಿ?"

"ಗೊತ್ತಿಲ್ಲ."

ಮುದುಕ ನಕ್ಕ. ಗೊತ್ತಿಲ್ಲ ಎಂದ ಮೇಲೆ ಸರಕಾರದ್ದೇ ಎಂದು ಅವನಿಗೆ ಖಾತ್ರಿಯಾಯಿತು. ತೊಟ್ಟ ಬಂಡಿಯ ಕಿಸೆಯಿಂದ ಮಡಚಿದ ಅರ್ಜಿ ತೆಗೆದ. ಹಿಂದೆ ಇನ್ನೂ ನಾಲ್ಕು ಜನ ಬಂದು ಸಾಲಾಗಿ ನಿಂತರು. ಅವರ ಕೈಯಲ್ಲೂ ಕಾಗದ.

"ನಾ ಬರೇ ಡ್ರೈವರ್. ಸಾಹೇಬರು ಯಾರೂ ಇಲ್ಲ" ಅಂದೆ, ಸ್ವಲ್ಪ ಜೋರಾಗಿ.

"ಸಾಹೇಬ್ರು ಯಾವತ್ತ ಇರತಾರ್ರಿ?" ಎಂದ ಮುದುಕ. "ಅದಕ್ಕ ನಿಮ್ಮ ಕೈಯಾಗ ಕೊಡಾಕತ್ತೇವಿ."

ಸಾವಿರದ ಆರುನೂರು

ಸಿಂಹ ಇಳಿಯಿತು. ಅದರ ಬದಲು ಹಿಂದಿನ ಡಿಕ್ಕಿಯ ಮೇಲೆ 1600 ಎಂಬ ಅಂಕಿ ಏರಿತು. ನಾಲ್ಕೂ ಅಂಕಿ ಬೆಳ್ಳಿಯ ಹಾಗೆ ಫಳಫಳ.

ಅವ್ವಾರು ಅಂಕಿಗಳ ಮೇಲೆ ಬೆರಳಾಡಿಸಿದರು. "ಇದು ಏನ ಲೆಕ್ಕ?"

ಸಾಹುಕಾರರು ನನ್ನ ಕಡೆ ನೋಡಿದರು. ನಾನು ಬೇವಿನ ಗಿಡದ ಕಡೆ ನೋಡಿದೆ.

"ನಮ್ಮಪ್ಪ ತನ್ನ ಲೆಕ್ಕಾ ಊರಿಗೆಲ್ಲ ತೋರಸಾಂವಲ್ಲ. ಅಲ್ಲ" ಎಂದರು.

ಮರುದಿನ ಮಾರುಕಟ್ಟೆಯ ಅಂಗಳದಲ್ಲಿ, ಸಾಹುಕಾರರ ಅಂಗಡಿ ಮುಂದೆ ಗಾಡಿ ಬಿಟ್ಟು ಚಹಾಕ್ಕೆ ಹೋದೆ. ಬರುವಷ್ಟರಲ್ಲಿ ಗಾಡಿಯ ಹಿಂಭಾಗ ನೆಲಕ್ಕೆ ಕೂತಿತ್ತು, ಮೂತಿ ಆಕಾಶ ನೋಡುತ್ತಿತ್ತು. ಒಳಗೆ ನೋಡಿದರೆ ಹಿಂದಿನ ಸೀಟಿನಲ್ಲಿ ಶೇಂಗಾ ಚೀಲಗಳು, ಒಂದರ ಮೇಲೊಂದು. ಇನ್ನೊಂದು ಚೀಲ ಹೊತ್ತು ಹಮಾಲ ಬರುತ್ತಿದ್ದ.

"ಯಾರು ಹೇಳಿದ್ರೋ?" ಅಂದೆ.

"ಯಾರ ಹೇಳಬೇಕ್ರಿ? ಗಾಡಿನ ಹೇಳತೈತಲ್ಲ." ಚೀಲ ಹೊತ್ತುಕೊಂಡೇ ಗದ್ದದಿಂದ ಅಂಕಿ ತೋರಿಸಿದ. ನಮ್ಮ ಲಾರಿ, ಟ್ರಾಲಿಗಳ ಮೇಲೆ ಎಷ್ಟು ತೂಕ ಹೇರಬಹುದು ಎಂದು ಬರೆದಿರುತ್ತದೆ. ಹಮಾಲರು ಮೊದಲು ಅದನ್ನೇ ಓದುತ್ತಾರೆ. "ಸಾವಿರದ ಆರನೂರ ಕಿಲೋ ಪಾಸ್ ಐತಿ."

"ಅದು ತೂಕ ಅಲ್ಲ."

"ಮತ್ತೇನ್ರಿ?"

ನಾನು ನೆಲಕ್ಕೆ ಕೂತ ಡಿಕ್ಕಿಯನ್ನು ನೋಡಿದೆ. ನಾನು ಕಡಿಮೆ ಹೇರಿದ್ದಕ್ಕೆ ಬೇಜಾರಾಗಿದ್ದೇನೆ ಎಂದು ಅವನು ತಿಳಿದ.

"ಸಿಟ್ಟ ಮಾಡಬ್ಯಾಡ್ರಿ ಕಾಕಾ" ಎಂದ. "ಇನ್ನೂ ಸಾವಿರದ ಮ್ಯಾಲ ಉಳದೈತಿ. ತುಂಬೇ ಕಳಸತೇವಿ."

ಜಿ.ಟಿ.

ಮೂರನೆಯದು ಎರಡು ಇಂಗ್ಲಿಷ್ ಅಕ್ಷರ. ಜಿ, ಟಿ.

ಓಣಿಯ ಕಾಲೇಜು ಮಾಸ್ತರರು ದೂರದ ಪ್ರವಾಸದ ಗಾಡಿ ಎಂದು ಅದರ ಅರ್ಥ ಹೇಳಿದರು. ಟ್ರ್ಯಾಕ್ಟರ್ ಅಂಗಡಿಯವನು ಗೇರಿನ ಹೆಸರು ಎಂದ. ಇಬ್ಬರೂ ವಾದಕ್ಕೆ ನಿಂತರು. ಅಷ್ಟು ದೂರ ಹೋಗುವ ಗಾಡಿಯಾದರೆ ಮೂರು ಜನ ಸೇರಿ ಯಾಕೆ ನೂಕುತ್ತೀರಿ ಎಂದ ಟ್ರ್ಯಾಕ್ಟರಿನವನು. ಮಾಸ್ತರರು ಅವತ್ತಿನಿಂದ ಅವನನ್ನು ಮಾತಾಡಿಸುವುದಿಲ್ಲ.

ಸಾಹುಕಾರರ ಮಗಳು ಜಗಳ ಬಿಡಿಸಲು ಬಂದಳು. "ಸುಮ್ಮನ ಯಾಕ ಬಡದಾಡತೀರಿ? ಫೋಟೋ ಹೊಡದ್ರ ಫೋನ್ ಹೇಳತೈತಿ, ಇದು ಯಾವ ಗಾಡಿ ಅಂತ."

ಎಲ್ಲರೂ ಸುತ್ತ ನಿಂತೆವು. ಅವ್ವಾರೂ ಕಟ್ಟೆಯ ಮೇಲೆ ಬಂದು ಕುಳಿತರು. ಮಗಳು ಒಂದು ಬದಿಯಿಂದ ಫೋಟೋ ಹೊಡೆದಳು. ಫೋನು ಯೋಚನೆ ಮಾಡಿತು. ಆಮೇಲೆ ಹತ್ತಾರು ಚಿತ್ರ ತೋರಿಸಿತು. ಮಗಳ ಮುಖ ಸಣ್ಣದಾಯಿತು.

"ಏನ ಅಂತೈತಿ?" ಸಾಹುಕಾರರು ಕೇಳಿದರು.

"ಇಸ್ತ್ರಿ ಪೆಟ್ಟಿಗಿ ಅಂತೈತಿ ಪಪ್ಪಾ. ಕೆಂಪು ಬಣ್ಣದ್ದು."

ಅವ್ವಾರು ಮಾತ್ರ ಫೋನಿನ ಕಡೆ ಮೆಚ್ಚಿ ನೋಡಿದರು.

"ಈ ಮನ್ಯಾಗ ಅದಕ್ಕೊಂದಕ್ಕರೆ ಗೊತ್ತೈತಿ," ಎಂದರು, "ಇದು ನಮ್ಮಪ್ಪನ ಗಾಡಿ ಅಲ್ಲ ಅಂತ."

ಎರಡು ಪ್ಲಸ್ ಎರಡು

ಚೀಲದಲ್ಲಿ ಜೋಡಿಯಾಗಿ ಇದ್ದದ್ದು ಇದೊಂದೇ. 2+2. ಎಡ ಬದಿಗೆ ಒಂದು, ಬಲ ಬದಿಗೆ ಒಂದು.

ಇದು ನನಗೆ ಗೊತ್ತು ಅಂದುಕೊಂಡೆ. ಬಸ್ಸಿನಲ್ಲಿ ಎರಡು ಪ್ಲಸ್ ಎರಡು ಎಂದರೆ ಈ ಕಡೆ ಎರಡು ಸೀಟು, ಆ ಕಡೆ ಎರಡು ಸೀಟು, ನಡುವೆ ದಾರಿ. ಈ ಗಾಡಿಯಲ್ಲಿ ದಾರಿ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಕಾಲು ಇದ್ದವರು ಕೂರುವಂತಿರಲಿಲ್ಲ. ಗೊತ್ತಿದ್ದದ್ದೂ ಹೋಯಿತು.

ಸಾಲೆಯ ಮುಂದೆ ಹಾಯ್ದರೆ ಮಕ್ಕಳು ಒಟ್ಟಿಗೆ "ನಾಕು!" ಎಂದು ಕೂಗುತ್ತಿದ್ದರು. ನಾನು ಹಾರ್ನ್ ಹೊಡೆದರೆ ಸರಿ ಉತ್ತರ ಎಂದು ತಿಳಿದು ಚಪ್ಪಾಳೆ ತಟ್ಟುತ್ತಿದ್ದರು.

ಒಂದು ಹುಣ್ಣಿಮೆಗೆ ಸಾಹುಕಾರರ ಮನೆಯವರೆಲ್ಲ ಸವದತ್ತಿ ಗುಡ್ಡಕ್ಕೆ ಹೊರಟರು. ಅವ್ವಾರು ಬರಲಿಲ್ಲ, ಅವರದು ಹಟ. ಉಳಿದವರು ನನ್ನನ್ನು ಸೇರಿಸಿ ಏಳು ಜನ. ಮಕ್ಕಳನ್ನು ಮಡಚಿ ಹಿಂದೆ ತುಂಬಿದರು. ಗುಡ್ಡದ ಬುಡದಲ್ಲಿ ಪೊಲೀಸಪ್ಪ ಕೈ ಮಾಡಿದ.

"ಗಾಡಿ ಮ್ಯಾಲ ಏನ ಬರದೈತಿ?"

"ಎರಡು ಪ್ಲಸ್ ಎರಡು" ಅಂದೆ.

"ಎಷ್ಟಾತು?"

"ನಾಕು."

"ಒಳಗೆಷ್ಟ ಮಂದಿ?"

"ಏಳು."

"ಗಾಡೀ ಮಾಡಿದಾಂವ ಹೊರಗ ಬರದು ಇಟ್ಟಾನ, ನಾಕು ಅಂತ. ನಿಮಗ ಓದಾಕ ಬರಂಗಿಲ್ಲೇನು?"

ಸಾಹುಕಾರರು ಬೆವರು ಒರೆಸಿಕೊಂಡರು. ಅಷ್ಟರಲ್ಲಿ ಸಾಹುಕಾರರ ಹೆಂಡತಿ, ತೊಡೆಯ ಮೇಲಿನ ಕೂಸನ್ನು ಸರಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಅಣ್ಣಾರ, ನೀವು ಒಂದ ಬದಿ ನೋಡೀರಿ. ಆ ಕಡೆ ಹೋಗಿ ನೋಡ್ರಿ."

ಪೊಲೀಸಪ್ಪ ಗಾಡಿ ಸುತ್ತು ಹಾಕಿದ. ಆ ಬದಿಯಲ್ಲೂ ಬರೆದಿತ್ತು. ಎರಡು ಪ್ಲಸ್ ಎರಡು. ಅವನು ಬೆರಳು ಮಡಚಿದ. ಈ ಬದಿಗೆ ಬಂದ. ಮತ್ತೆ ಆ ಬದಿಗೆ ಹೋದ. ತಲೆ ಕೆರೆದುಕೊಂಡ.

"ಈ ಕಡೆ ನಾಕು, ಆ ಕಡೆ ನಾಕು," ಎಂದರು ಸಾಹುಕಾರರ ಹೆಂಡತಿ. "ಒಬ್ಬರಿಗೆ ಇನ್ನೂ ಜಾಗಾ ಐತಿ. ಗುಡ್ಡಕ್ಕ ಬರೂದಿದ್ರ ಹತ್ರಿ."

ಎಲ್ಲ ಒಮ್ಮೆಗೆ

ಪಂಚಮಿ ಹತ್ತಿರ ಬಂತು. ಮನೆಯಲ್ಲಿ ಉಂಡಿಗೆ ಎಳ್ಳು, ಶೇಂಗಾ ಹುರಿಯುವ ವಾಸನೆ. ಅವ್ವಾರು ಊಟ ಕಡಿಮೆ ಮಾಡಿದರು. ಸಂಜೆ ಕಟ್ಟೆಯ ಮೇಲೆ ಕುಳಿತು ಬಸ್ಸಿನಿಂದ ಇಳಿದು ಬರುವವರನ್ನು ನೋಡುತ್ತಿದ್ದರು. ಯಾರದೋ ಅಣ್ಣ ಯಾರನ್ನೋ ಕರೆಯಲು ಬರುತ್ತಿದ್ದ. ಅವ್ವಾರು ಯಾರ ಮನೆಗೆ ಬಂದ ಎಂದು ಕೇಳಿ, ಚಲೋ ಆತು ಎನ್ನುತ್ತಿದ್ದರು.

ಸಾಹುಕಾರರಿಗೆ ತಡೆಯಲಾಗಲಿಲ್ಲ. ಚೀಲ ನೆಲಕ್ಕೆ ಸುರಿದರು. ಸಿಂಹ, ಅಂಕಿ, ಅಕ್ಷರ, ಜೋಡಿ, ಇನ್ನೂ ಯಾವು ಯಾವುವೋ ರೆಕ್ಕೆ, ಬಾಣ, ಬಾವುಟ. ಎಲ್ಲವನ್ನೂ ಗಾಡಿಯ ಮೈಗೆ ಹಚ್ಚಿಸಿದರು. "ಇದರಾಗ ಒಂದರೆ ನಮ್ಮದ ಇರಬೇಕು. ಅದಷ್ಟ ಅವ್ವನ ಕಣ್ಣಿಗಿ ಬಿದ್ರ ಸಾಕು."

ಅವ್ವಾರು ಬಹಳ ಹೊತ್ತು ನೋಡಿದರು. ಸಾಹುಕಾರರು ಉಸಿರು ಹಿಡಿದು ನಿಂತಿದ್ದರು.

"ಗುರುತ ಹತ್ತಿತೇನವ್ವಾ?"

"ಹತ್ತಿತು."

"ಹತ್ತಿತಾ!"

"ನಿನ್ನ ಮದವ್ಯಾಗ ಬ್ಯಾಂಡ್ ಬಾರಿಸಾವ್ರ ಬಂದಿದ್ರಲ್ಲ. ಅದರಾಗ ಮುಂದ ನಿಂತು ಕೋಲ ತಿರುವತಿದ್ದನಲ್ಲ ಒಬ್ಬಾಂವ. ಅವನ ಕೋಟು ಇದು."

ಹಾವು

ಹಚ್ಚದೆ ಉಳಿದದ್ದು ಒಂದೇ. ಹೆಡೆ ಎತ್ತಿದ ಹಾವು, ಅಂಗೈಯಗಲ. ಯಾವ ಪುಣ್ಯಾತ್ಮ ಗಾಡಿಗೆ ಹಾವಿನ ಗುರುತು ಇಟ್ಟನೋ ಗೊತ್ತಿಲ್ಲ. ಮೊದಲ ದಿನವೇ ಸಾಹುಕಾರರ ಹೆಂಡತಿ ಅದನ್ನು ಚೀಲದಿಂದ ತೆಗೆದು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. "ಹಾವಿನ ಗಾಡ್ಯಾಗ ನನ್ನ ಮಕ್ಕಳನ್ನ ಕುಂದರಸಂಗಿಲ್ಲ."

ಹಬ್ಬದ ಹಿಂದಿನ ದಿನ ಅವರೂ ಸೋತರು. "ಹಚ್ರಿ ಮತ್ತ. ಅತ್ತಿ ಹೋದ್ರ ಸಾಕು." ಉಳಿದದ್ದನ್ನೆಲ್ಲ ಕಿತ್ತು ಹಾವೊಂದನ್ನೇ ಮೂತಿಗೆ ಕೂರಿಸಿದೆ.

ಪಂಚಮಿಯ ಬೆಳಿಗ್ಗೆ ಮನೆಯ ಹೆಂಗಸರು ಮಣ್ಣಿನ ನಾಗಪ್ಪನಿಗೆ ಹಾಲೆರೆದರು. ಅವ್ವಾರು ಹಾಲಿನ ಬಟ್ಟಲು ಹಿಡಿದೇ ಹೊರಗೆ ಬಂದರು. ಗಾಡಿ ಕಂಡರು. ನಿಂತರು. ಮೆಟ್ಟಿಲಿಳಿದು ಬಂದು, ಸೆರಗು ಸರಿ ಮಾಡಿಕೊಂಡು, ಬಿಲ್ಲೆಯ ಮೇಲೆ ಹಾಲು ಬಿಟ್ಟರು.

"ದೇವರ ಪಾಲು, ಗುರುವಿನ ಪಾಲು. ಅಪ್ಪನ ಪಾಲು, ಅವ್ವನ ಪಾಲು. ಮಗನ ಪಾಲು, ಸೊಸಿ ಪಾಲು, ಮಮ್ಮಕ್ಕಳ ಪಾಲು." ಸ್ವಲ್ಪ ತಡೆದು ನನ್ನ ಕಡೆ ನೋಡಿದರು. "ಡ್ರೈವರನ ಪಾಲು."

ತಮ್ಮನ ಪಾಲು ಎನ್ನಲಿಲ್ಲ. ಬಟ್ಟಲಲ್ಲಿ ಹಾಲು ಇನ್ನೂ ಇತ್ತು.

ಆಮೇಲೆ ಬಾಗಿಲು ತೆಗೆಸಿ ಒಳಗೆ ಕುಳಿತರು. ಬಟ್ಟಲು ತೊಡೆಯ ಮೇಲೆ. ಸಾಹುಕಾರರು ಕಿಟಕಿಗೆ ಬಗ್ಗಿದರು. "ಅಂದ್ರ ಇದ ಏನವ್ವಾ ಅಜ್ಜನ ಬಿಲ್ಲಿ?"

"ಮಾತ ಸಾಕು. ನಾಗಪ್ಪ ಬಾಗಲಿಗಿ ಬಂದು ನಿಂತಾನ. ಹಬ್ಬದ ದಿನಾ ಅವಗ ಒಲ್ಲೆ ಅನ್ನಾಕ ಬರತೈತೇನು? ಡ್ರೈವರಾ, ಹೊಡಿ."

ಹೊಡೆದೆ. ಸಾಹುಕಾರರು ಹಿಂದಿನ ಸೀಟಿನಲ್ಲಿ ಮೊಣಕಾಲನ್ನು ಗದ್ದಕ್ಕೆ ಹಚ್ಚಿ ಕುಳಿತರು. ಸವದತ್ತಿ ದಾಟಿ ಒಂದು ಹಳ್ಳಿಯಲ್ಲಿ ಎಂಜಿನ್ನು ಕಾದಿತೆಂದು ನಿಲ್ಲಿಸಿದೆ. ಹುತ್ತಕ್ಕೆ ಹಾಲೆರೆಯಲು ಹೊರಟಿದ್ದ ಹೆಂಗಸರು ಎದುರಾದರು. ಕೈಯಲ್ಲಿ ಹಾಲು, ಅರಳು, ನೆನೆಸಿದ ಕಡಲೆ. ಮುಂದಿದ್ದವಳು ಮೂತಿಯ ಹಾವು ಕಂಡಳು. ಬ್ಯಾಡ ಎನ್ನುವಷ್ಟರಲ್ಲಿ ಹಾಲು ಬಿಟ್ಟಳು. ಹಾಲು ಜಾಲರಿಯೊಳಗೆ ಇಳಿಯಿತು. ಒಳಗೆ ರೇಡಿಯೇಟರ್ ಕಾದು ಕೆಂಡವಾಗಿತ್ತು.

ಗಾಡಿ ಬುಸ್ ಎಂದಿತು.

"ನಾಗಪ್ಪ ಒಪ್ಪಿಕೊಂಡ!" ಎಂದಳು. ಹಳ್ಳಿಗೆ ಹಳ್ಳಿಯೇ ಬಂತು. ಹುತ್ತವಾದರೆ ಸುಮ್ಮನಿರುತ್ತದೆ, ಇದು ಎರೆದಾಗೊಮ್ಮೆ ಉತ್ತರ ಕೊಡುತ್ತಿತ್ತು. ಮೊದಮೊದಲು ಹಾಲು ಕಾಯಿಸಿದ ವಾಸನೆ ಬರುತ್ತಿತ್ತು, ಆಮೇಲೆ ಬಾಸುಂದಿಯ ವಾಸನೆ ಹಿಡಿಯಿತು.

ಒಬ್ಬ ಮುದುಕಿ ನನ್ನ ಬಳಿ ಬಂದಳು. "ಯಾವೂರ ನಾಗಪ್ಪರಿ?"

"ಬೈಲಹೊಂಗಲ" ಅಂದೆ.

"ಎಲ್ಲಿಗಿ ಹೊಂಟಾನ?"

"ರಾಮದುರ್ಗ."

"ಪಂಚಮಿ ದಿನಾ ಮನಿ ಬಿಟ್ಟು?" ಎಂದಳು. ಒಳಗೆ ಕುಳಿತ ಅವ್ವಾರನ್ನು ನೋಡಿದಳು, ಹಾವನ್ನು ನೋಡಿದಳು, ತಲೆ ಆಡಿಸಿದಳು. "ಹೌದು ಬಿಡ್ರಿ. ಅವಗೂ ತವರ ಇರತೈತಿ."

ರಾಮದುರ್ಗ

ತವರಿನ ಬಾಗಿಲ ಮುಂದೆ ಗಾಡಿ ನಿಂತಿತು. ಮೂತಿಯ ಮೇಲೆ ಕೆನೆ ಕಟ್ಟಿತ್ತು. ಅರಳು ಅಂಟಿತ್ತು. ಹಾವು ಸರಿಯಾಗಿ ಕಾಣುತ್ತಿರಲಿಲ್ಲ.

ಅವ್ವಾರು ಇಳಿಯಲಿಲ್ಲ. "ಕರಿಯಾಕ ಬರಲಿ" ಎಂದರು.

ಸಾಹುಕಾರರು ತಲೆ ಹಿಡಿದುಕೊಂಡರು. "ಅಜ್ಜನ ಗಾಡಿ ಬಂದ್ರ ಸಾಕು ಅಂದಿದ್ದೆಲ್ಲವ್ವಾ!"

"ಅದಕ್ಕ ಹೇಳಾಕತ್ತೇನಿ. ಕರಿಯಾಕ ಬರಲಿ."

ನನಗೆ ಏನೂ ತಿಳಿಯಲಿಲ್ಲ. ಹಾರ್ನ್ ಹೊಡೆದೆ. ಕಿಟಕಿಯಲ್ಲಿ ತಮ್ಮನ ಮುಖ ಕಂಡಿತು, ಮರೆಯಾಯಿತು. ಮತ್ತೆ ಕಂಡಿತು. ಈ ಸಲ ಕಣ್ಣು ದೊಡ್ಡವಾಗಿದ್ದವು. ಒಳಗೆ ಕೋಲು ಬಡಿಯುವ ಸದ್ದು. ಆಮೇಲೆ ಕಟಕಟ, ಕಟಕಟ, ಕಾಲೆಳೆಯುತ್ತ ಅಂಗಳ ದಾಟಿ, ಆ ಮನುಷ್ಯ ಬಾಗಿಲಿಗೇ ಬಂದುಬಿಟ್ಟರು. ಮೂರು ವರ್ಷದಲ್ಲಿ ಅಷ್ಟು ದೂರ ನಡೆದಿರಲಿಲ್ಲವಂತೆ. ಅಕ್ಕನನ್ನು ನೋಡಲಿಲ್ಲ. ಗಾಡಿಯನ್ನು ನೋಡಿದರು.

"ಏನೋ ಇದು? ಇದು ಡಾಕ್ಟರನ ಗಾಡಿ!"

"ಯಾವ ಡಾಕ್ಟರ್, ಮಾಮಾ?" ಎಂದರು ಸಾಹುಕಾರರು.

"ಎದರ ಮನಿ ಡಾಕ್ಟರ್. ಪುಣೆಕ್ಕ ಹೋಗುವಾಗ ನಮ್ಮ ಕೊಟಗಿಯಾಗ ಬಿಟ್ಟು ಹೋಗ್ಯಾನ. ಮೊನ್ನೆ ಫೋನ್ ಮಾಡಿ ನನ್ನ ಗಾಡಿ ಹ್ಯಾಂಗೈತಿ ಅಂದ. ಏನ ಇರತೈತಿ, ಮಣ್ಣಾಗೇತಿ ಅಂದೆ. ಅಪ್ಪನ ಗಾಡಿ ಹಿಂದಿನ ತಾಡಪತ್ರಿ ಕೆಳಗೈತೆಲ್ಲೋ!"

ಸಾಹುಕಾರರು ಹಿಂದಿನ ಸೀಟಿನಿಂದ ಏಳಲು ಹೋಗಿ ಸಿಕ್ಕಿಕೊಂಡರು. ನಾನು ಎಂಜಿನ್ನು ಬಂದ್ ಮಾಡಿದೆ. ಗಾಡಿ ಕೊನೆಯ ಸಲ ಬುಸ್ ಎಂದಿತು.

ಅವ್ವಾರು ಗಾಡಿಯ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ತಮ್ಮನ ಕಾಲು ನೋಡುತ್ತಿದ್ದರು.

"ಬಾಗಲತನಕಾ ಬಂದಿಯಲ್ಲ."

ತಮ್ಮ ಆಗ ಅಕ್ಕನನ್ನು ನೋಡಿದರು. "ಬಂದೆ."

"ಮತ್ತ ಕರಿ."

"ಬಾ ಅಕ್ಕಾ. ಪಂಚಮಿಗಿ ಬಾ."

ಅವ್ವಾರು ಇಳಿದರು. ಬಟ್ಟಲಲ್ಲಿ ಉಳಿದಿದ್ದ ಹಾಲನ್ನು ಹಾವಿನ ಮೇಲೆ ಬಿಟ್ಟರು. "ತಮ್ಮನ ಪಾಲು" ಎಂದು, ಅವರ ತೋಳು ಹಿಡಿದು ಒಳಗೆ ನಡೆದರು. ಯಾರು ಯಾರನ್ನು ಹಿಡಿದಿದ್ದರೋ ಹಿಂದಿನಿಂದ ಗೊತ್ತಾಗಲಿಲ್ಲ. ಅವತ್ತು ಅವ್ವಾರು ಉಂಡಿ ತಿಂದರು.

ಊಟವಾದ ಮೇಲೆ ಎಲ್ಲರೂ ಕೊಟ್ಟಿಗೆಗೆ ಹೋದೆವು. ಬೆಕ್ಕಿನ ಮರಿಗಳು ದೊಡ್ಡವಾಗಿ ಊರು ಸೇರಿದ್ದವು. ಸಾಹುಕಾರರೇ ತಾಡಪತ್ರಿ ಎಳೆದರು. ಕರಿ ಬಣ್ಣದ ಗಾಡಿ. ಎತ್ತರ, ಗುಂಡಗೆ, ಕಪಾಟು ಮಲಗಿಸಿದ ಹಾಗೆ. ಸಾಹುಕಾರರು ಮೂತಿ ನೋಡಿದರು. ಹಿಂದೆ ಹೋಗಿ ನೋಡಿದರು. ಎರಡೂ ಬದಿ ಬಗ್ಗಿ ನೋಡಿದರು. ಒಂದು ಅಕ್ಷರವಿಲ್ಲ. ಒಂದು ಅಂಕಿಯಿಲ್ಲ.

"ಅವ್ವಾ, ಇದಕ್ಕ ಬಿಲ್ಲಿನ ಇಲ್ಲ!"

"ಇರಲಿಲ್ಲ."

"ಏನೋ ಹೊಳಿತಿತ್ತು ಅಂದೆಲ್ಲ?"

ಅವ್ವಾರು ಸೆರಗಿನ ತುದಿಯಿಂದ ಬಾಗಿಲ ಹಿಡಿಕೆ ಒರೆಸಿದರು. ಧೂಳಿನ ಕೆಳಗೆ ಅದು ಹೊಳೆಯಿತು. "ಇದು ಹೊಳಿತಿತ್ತು. ನಾಕು ಬಾಗಲಾ, ನಾಕು ಹಿಡಿಕಿ. ನಮ್ಮವ್ವ, ನಮ್ಮಪ್ಪ, ಇಂವಾ, ನಾನು, ನಾಕೂ ಮಂದಿ ಒಂದೊಂದು ಬಾಗಲಾ ತಕ್ಕೊಂಡು ಹತ್ತಿದ್ವಿ."

ಸಾಹುಕಾರರು ಗೋಡೆಗೆ ಒರಗಿದರು. "ನಾಕು ಬಾಗಲಾ ಅಂತ ಮೊದಲ ಹೇಳಬಾರದೇನವ್ವಾ? ಆ ಕೆಂಪು ಗಾಡಿಗಿ ಇರೂದು ಎರಡ!"

"ಬಾಗಲಾ ಯಾರ ಕೇಳಿದ್ರಿ?" ಎಂದರು ಅವ್ವಾರು. "ಎರಡು ತಿಂಗಳು ಬಿಲ್ಲಿ ಬಿಲ್ಲಿ ಅಂತ ನನ್ನ ಜೀವಾ ತಿಂದ್ರಿ."